ಮಕ್ಕಳಿಗೆ ವಿಶ್ವಾಸವನ್ನು ಕೊಡಬಹುದೇ: ಒಂದು ಸಂವಾದ

ಕ್ರೈಸ್ತ ಮನೆಯಲ್ಲಿ ಹುಟ್ಟಿದ ಮಗುವಿಗೆ ತಂದೆಯಾದವನು ತನ್ನ ವಿಶ್ವಾಸವನ್ನು, ಅಂದರೆ ಯೇಸುಕ್ರಿಸ್ತನ ಮೇಲೆ ತಾನು ಇಟ್ಟಿರುವ ನಂಬಿಕೆಯನ್ನೂ ಆ ನಂಬಿಕೆಯಿಂದ ರೂಪುಗೊಂಡ ನಡೆವಳಿಕೆಯನ್ನೂ, ಯಾವ ವಯಸ್ಸಿನಲ್ಲಿ, ಯಾವ ಬಗೆಯಲ್ಲಿ, ಎಷ್ಟರ ಮಟ್ಟಿಗೆ ಕೊಡಬಹುದು ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಲ್ಲಿ ಎಲ್ಲರೂ ಒಪ್ಪಿದ ಒಂದು ಉತ್ತರ ದೊರೆತಿಲ್ಲ. ಮಂಗಳೂರು, ಬೆಂಗಳೂರುಗಳಲ್ಲಿ ಈ ಪ್ರಶ್ನೆಯ ಭಾರವನ್ನು ಚರ್ಚು, ಶಾಲೆ, ನೆರೆಹೊರೆ, ನೆಂಟರಿಷ್ಟರು ಹಂಚಿಕೊಳ್ಳುತ್ತಾರೆ. ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿರುವ ಬಿಳಿಚೋಡಿನಂಥ ಹೋಬಳಿ ಊರಿನಲ್ಲಿ ಪರಿಸ್ಥಿತಿ ಹಾಗಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ. 1.87 ಮಾತ್ರ, ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿ ಮತ್ತು ಕರಾವಳಿಯಲ್ಲಿ ನೆಲೆಸಿರುವುದರಿಂದ, ಮಳೆಯನ್ನೇ ನೆಚ್ಚಿಕೊಂಡು ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಈ ಒಣಸೀಮೆಯಲ್ಲಿ ಕ್ರೈಸ್ತ ಮನೆಯೊಂದು ಬಹುಮಟ್ಟಿಗೆ ಒಂಟಿಯಾಗಿಯೇ ಬದುಕುತ್ತದೆ, ಮತ್ತು ಬೇರೆಡೆ ಒಂದು ಸಮುದಾಯವೇ ಸೇರಿ ಮಾಡುವ ಕೆಲಸ ಇಲ್ಲಿ ತಂದೆತಾಯಿಯರ ಪಾಲಿಗೆ ಬೀಳುತ್ತದೆ.

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಹಿರಿಯರು, ಪ್ರಾಥಮಿಕ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು, ಸಭಾಪಾಲಕರು ಬರಲಾಗದ ಭಾನುವಾರಗಳಲ್ಲಿ ಆರಾಧನೆ ನಡೆಸುವ, ಮನೆಮನೆಗೆ ಹೋಗಿ ಸತ್ಯವೇದ ಓದಿಸುವ ಉಪದೇಶಿಯ ಕೆಲಸವನ್ನೂ ಬಹುಕಾಲ ಮಾಡಿದವರು. ಇನ್ನೊಬ್ಬ ಅವರ ಅಳಿಯ; ಎಂಟು ವರ್ಷದ ಮಗಳು ಮತ್ತು ಐದು ವರ್ಷದ ಮಗನ ತಂದೆ. ಇವರಿಗೆ ಹೆಸರು ಕೊಟ್ಟಿಲ್ಲ, ಏಕೆಂದರೆ ಇವರು ಗೊತ್ತಾದ ಯಾರೋ ಇಬ್ಬರಲ್ಲ. ಪ್ರಾಟೆಸ್ಟಂಟ್ ಮನೆಗಳಲ್ಲಿ ಊಟದ ನಂತರ ಮತ್ತೆ ಮತ್ತೆ ಎದುರಾಗುವ ಎರಡು ನಿಲುವುಗಳು.

ಹಿರಿಯರು: ಮಗುವಿಗೆ ತಿಳಿವಳಿಕೆ ಬರುವ ತನಕ ಕಾಯಬೇಕೆಂಬ ಮಾತು ಕೇಳಲು ಹಿತವಾಗಿದೆ, ಅಳಿಯಂದಿರೇ, ಆದರೆ ಬದುಕಿನ ಯಾವ ದೊಡ್ಡ ವಿಷಯದಲ್ಲಿಯೂ ಯಾರೂ ಹಾಗೆ ಕಾಯುವುದಿಲ್ಲ. ವ್ಯಾಕರಣ ಕಲಿತ ಮೇಲೆ ಕೂಸಿನೊಡನೆ ಕನ್ನಡದಲ್ಲಿ ಮಾತಾಡೋಣ ಎಂದು ಯಾವ ತಾಯಿಯೂ ಬಾಯಿ ಮುಚ್ಚಿಕೊಂಡು ಕೂರುವುದಿಲ್ಲ. ಮೊದಲು ನುಡಿ ಬರುತ್ತದೆ, ಅದರ ಅರ್ಥ ಮೆಲ್ಲಮೆಲ್ಲನೆ ಹಿಂದಿನಿಂದ ಬರುತ್ತದೆ. ಧರ್ಮೋಪದೇಶಕಾಂಡದಲ್ಲಿ ಮೋಶೆ ಇಸ್ರಾಯೇಲರಿಗೆ ವಿಧಿಸಿದ್ದು ಇದನ್ನೇ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ದೇವರ ಆಜ್ಞೆಗಳನ್ನು ಮಕ್ಕಳಿಗೆ ಹೇಳುತ್ತಿರಬೇಕು. ಅಲ್ಲಿ ವಯಸ್ಸಿನ ಮಾತಿಲ್ಲ.

ತಂದೆ: ವಯಸ್ಸಿನ ಮಾತಿಲ್ಲ, ನಿಜ, ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಮಗ ಮುಂದೊಂದು ದಿನ ಈ ವಿಧಿಗಳ ಅರ್ಥವೇನೆಂದು ಕೇಳುತ್ತಾನೆ, ಆಗ ತಂದೆ ಐಗುಪ್ತದ ದಾಸತ್ವದ ಕಥೆಯನ್ನು ಹೇಳಬೇಕು ಎಂದಿದೆ. ಮಗ ಪ್ರಶ್ನೆ ಕೇಳುತ್ತಾನೆಂದು ಧರ್ಮಶಾಸ್ತ್ರವೇ ಮುಂಗಂಡಿದೆ. ನಮ್ಮ ಮನೆಗಳಲ್ಲಿ ಮಾತ್ರ ಬಾಯಿಪಾಠ ಒಪ್ಪಿಸಿದ ಮಗುವಿಗೆ ಶಹಬ್ಬಾಸ್ ಸಿಗುತ್ತದೆ, ಪ್ರಶ್ನೆ ಕೇಳಿದ ಮಗುವಿಗೆ ಗದರಿಕೆ ಸಿಗುತ್ತದೆ.

ಹಿರಿಯರು: ಬಾಯಿಪಾಠವನ್ನು ಹಗುರವಾಗಿ ನೋಡಬೇಡಿ. ಮಾರ್ಟಿನ್ ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರವನ್ನು ಬರೆದದ್ದು, ಅಂದರೆ ಧರ್ಮದ ಮೂಲಪಾಠಗಳನ್ನು ಪ್ರಶ್ನೆ ಮತ್ತು ಉತ್ತರದ ರೂಪದಲ್ಲಿ ಜೋಡಿಸಿದ ಆ ಸಣ್ಣ ಪುಸ್ತಕವನ್ನು ರಚಿಸಿದ್ದು, ಮನೆಯ ಯಜಮಾನ ತನ್ನವರಿಗೆ ಕಲಿಸಲೆಂದೇ. ಹಳ್ಳಿಗಳನ್ನು ಸುತ್ತಿ ಬಂದ ಅವನಿಗೆ ಹತ್ತು ಆಜ್ಞೆಗಳಾಗಲಿ ಯೇಸು ಕಲಿಸಿದ ಪರಲೋಕದ ಪ್ರಾರ್ಥನೆಯಾಗಲಿ ಗೊತ್ತಿಲ್ಲದ ಜನರನ್ನು ಕಂಡು ಸಂಕಟವಾಗಿತ್ತು. ಈ ಸೀಮೆಯ ಹಳಬರಲ್ಲಿ ಓದು ಬಾರದವರು ಹಲವರಿದ್ದರು. ಕೀರ್ತನೆಗಳನ್ನು ಕಿವಿಯಿಂದ ಕಲಿತು, ಸಾಯುವ ಹೊತ್ತಿನಲ್ಲಿ ಬೇರೆಲ್ಲ ಮರೆತರೂ ಅವನ್ನು ಮರೆಯಲಿಲ್ಲ. ಆ ಜನರಿಗೆ ಸಿಕ್ಕಿದ ಆಸರೆಯನ್ನು ಈ ಮಕ್ಕಳಿಗೆ ತಪ್ಪಿಸುವುದು ಯಾವ ನ್ಯಾಯ?

ತಂದೆ: ತಪ್ಪಿಸುವ ಮಾತಲ್ಲ, ಮಾವನವರೇ. ಕಲಿಸುವವನು ತಾನು ನಂಬಿದ್ದನ್ನಷ್ಟೇ ಕಲಿಸಬೇಕಲ್ಲವೇ ಎಂಬುದು ಪ್ರಶ್ನೆ. ತಂದೆಯಾದವನಿಗೇ ಗಂಟಲಲ್ಲಿ ನಿಲ್ಲುವ ವಾಕ್ಯವನ್ನು ಐದು ವರ್ಷದ ಮಗನ ಬಾಯಿಂದ ನಿರರ್ಗಳವಾಗಿ ಹೇಳಿಸಿದಾಗ ಅದನ್ನು ವಿಶ್ವಾಸವೆನ್ನಬೇಕೋ, ಬರಿಯ ಒಳ್ಳೆಯ ನೆನಪಿನ ಶಕ್ತಿಯೆನ್ನಬೇಕೋ? ಪೆಂತೆಕೋಸ್ತ್ ಸಭೆಯವರು ಇದೇ ಕಾರಣಕ್ಕೆ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಾನೇ ನಂಬಿ, ತಾನೇ ಬಾಯಿಬಿಟ್ಟು ಒಪ್ಪಿಕೊಂಡವನು ಮಾತ್ರ ನೀರಿಗೆ ಇಳಿಯಬೇಕೆನ್ನುತ್ತಾರೆ.

ಹಿರಿಯರು: ಆದರೆ ಅವರ ಮಕ್ಕಳೂ ತೊಟ್ಟಿಲಲ್ಲಿರುವಾಗಲೇ ಹಲ್ಲೆಲೂಯ ಕೇಳಿಕೊಂಡೇ ಬೆಳೆಯುತ್ತಾರೆ. ನೀರನ್ನು ಮುಂದಕ್ಕೆ ಹಾಕಬಹುದು, ಮನೆಯನ್ನು ಮುಂದಕ್ಕೆ ಹಾಕಲಾಗುವುದಿಲ್ಲ. ಅಮೆರಿಕದ ಹೊರೇಸ್ ಬುಶ್ನೆಲ್ ಎಂಬ ಸಭಾಪಾಲಕ 1847ರಲ್ಲಿ ಕ್ರೈಸ್ತ ಮಕ್ಕಳ ಪಾಲನೆಯನ್ನು ಕುರಿತು ಪುಸ್ತಕ ಬರೆದು, ಕ್ರೈಸ್ತ ಮನೆಯ ಮಗು ತಾನು ಎಂದೋ ಕ್ರೈಸ್ತನಾಗಿರಲಿಲ್ಲವೆಂಬ ನೆನಪೇ ಇಲ್ಲದ ಹಾಗೆ ಬೆಳೆಯಬೇಕೆಂದು ವಾದಿಸಿದ. ಪಾಪಿಯಾಗಿ ಬೆಳೆದು, ಒಂದು ದಿನ ಒಮ್ಮೆಲೇ ತಿರುಗಿಕೊಳ್ಳುವುದೇ ನಿಜವಾದ ವಿಶ್ವಾಸವೆಂದು ಆ ಕಾಲದ ಅನೇಕರು ನಂಬಿದ್ದಾಗ ಅವನು ಮನೆಯ ಊಟ, ಮಾತು, ತಂದೆತಾಯಿಯ ಮುಖಭಾವ ಇವೇ ಕೃಪೆಯ ದಾರಿಗಳೆಂದು ಹೇಳಿದ.

ತಂದೆ: ತಂದೆತಾಯಿಯ ಮುಖಭಾವ ಎಂಬಲ್ಲಿಯೇ ಕಷ್ಟ ಇರುವುದು. ಮಗು ಕಲಿಯುವುದು ಮುಖದಿಂದಾದರೆ, ಮುಖದ ಮೇಲಿರುವ ಅನುಮಾನವನ್ನೂ ಅದು ಕಲಿಯುತ್ತದೆ. ಬಾಯಿ ಒಂದು ಹೇಳಿ ಮುಖ ಇನ್ನೊಂದು ಹೇಳಿದರೆ ಮಗು ಎರಡನೆಯದನ್ನೇ ನಂಬುತ್ತದೆ.

ಹಿರಿಯರು ಇಲ್ಲಿ ತಕ್ಷಣ ಉತ್ತರಿಸುವುದಿಲ್ಲ. ಅಭ್ಯಾಸ ಮೊದಲು, ಅರ್ಥ ಆಮೇಲೆ ಎಂಬ ಅವರ ವಾದಕ್ಕೆ ಬಲವಿದೆ, ಏಕೆಂದರೆ ಜಗತ್ತಿನ ಯಾವ ಧರ್ಮವೂ ಬೇರೆ ಬಗೆಯಲ್ಲಿ ತಲೆಮಾರುಗಳನ್ನು ದಾಟಿ ಬಂದಿಲ್ಲ. ಆದರೆ ಸುತ್ತಲ ಊರೂ ಅದೇ ಅಭ್ಯಾಸದಲ್ಲಿರುವಾಗ ಅದು ಸುಲಭವಾಗಿ ನಡೆಯುವ ಹಾಗೆ, ಊರು ಬೇರೆ ಅಭ್ಯಾಸದಲ್ಲಿರುವಾಗ ನಡೆಯುವುದಿಲ್ಲ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರ ಕಾದಂಬರಿಯೊಂದರ ಹೆಸರೇ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’; ಇಗರ್ಜಿಯೆಂದರೆ ಚರ್ಚು. ಬಿಳಿಚೋಡಿನಂಥಲ್ಲಿ ಮನೆ ಒಂದು. ಅದರ ಸುತ್ತ ಇರುವುದು ಬೇರೆ ನಂಬಿಕೆಯ, ಆದರೆ ಒಂದೇ ಬರಗಾಲವನ್ನು ಉಣ್ಣುವ ನೂರಾರು ಮನೆಗಳು. ಆದ್ದರಿಂದ ಮಾತು ಮಳೆಯ ಕಡೆಗೆ ಹೊರಳುವುದು ಸಹಜ.

ತಂದೆ: ಮುಂಗಾರು ಕೈಕೊಟ್ಟ ವರ್ಷ ಮಕ್ಕಳು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಮಳೆ ಬೇಡುತ್ತಾರೆ. ಮಳೆ ಬರುವುದಿಲ್ಲ. ಬಿತ್ತಿದ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗುತ್ತದೆ, ಪಕ್ಕದ ಹೊಲದವರು ಕೊರೆಸಿದ ಬೋರು ಧೂಳು ಉಗುಳುತ್ತದೆ. ದೇವರಿಗೆ ಕೇಳಿಸಲಿಲ್ಲವೇ ಎಂದು ಮಗಳು ಕೇಳಿದರೆ ಉಪದೇಶಿಗಳ ಉತ್ತರವೇನು?

ಹಿರಿಯರು: ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಒಂದೇ ಸಮನಾಗಿ ಮಳೆ ಸುರಿಸುತ್ತಾನೆಂದು ಯೇಸುಸ್ವಾಮಿ ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದಾನೆ. ಹಾಗೆಂದ ಮೇಲೆ ಬರವೂ ಒಂದೇ ಸಮನಾಗಿ ಬರುತ್ತದೆ. ಪ್ರಾರ್ಥನೆ ಮಾಡಿದವನ ಹೊಲಕ್ಕೊಂದು ಮೋಡ, ಮಾಡದವನ ಹೊಲಕ್ಕೊಂದು ಬಿಸಿಲು ಎಂಬ ಏರ್ಪಾಡು ಸುವಾರ್ತೆಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ಮಗುವಿಗೆ ಮೊದಲೇ ಹೇಳಿದ್ದರೆ ಪ್ರಾರ್ಥನೆಯನ್ನು ಅದು ಅಂಗಡಿಯ ವ್ಯವಹಾರವೆಂದು ತಿಳಿಯುತ್ತಿರಲಿಲ್ಲ.

ತಂದೆ: ಹಾಗಾದರೆ ಬೇಡುವುದು ಏತಕ್ಕೆ ಎಂಬುದು ಅವಳ ಮುಂದಿನ ಪ್ರಶ್ನೆ. ಆಗಸ್ಟೀನನ ಆತ್ಮಕಥೆಯಲ್ಲಿ ಮನಸ್ಸು ಕಲಕುವ ಒಂದು ಭಾಗವಿದೆ. ಅವನು ಸಣ್ಣ ಹುಡುಗನಾಗಿದ್ದಾಗ ಮಾಡಿದ ಮೊದಮೊದಲ ಪ್ರಾರ್ಥನೆಗಳು ಶಾಲೆಯಲ್ಲಿ ಏಟು ಬೀಳದಿರಲಿ ಎಂಬುದಾಗಿದ್ದುವು; ಏಟು ಬಿದ್ದೇ ಬಿತ್ತು, ಮತ್ತು ದೊಡ್ಡವರು, ಹೆತ್ತವರು ಕೂಡ, ಅದನ್ನು ಕಂಡು ನಕ್ಕರು. ಸಭೆಯ ಮಹಾಪಂಡಿತನಾದ ಮೇಲೂ ಅವನಿಗೆ ಆ ನಗು ಮರೆತಿರಲಿಲ್ಲ. ಮಗುವಿನ ಪ್ರಾರ್ಥನೆ ನೆರವೇರದಿದ್ದಾಗ ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅದಕ್ಕೆ ದೇವರ ನಡತೆಯಾಗಿಯೇ ಕಾಣುತ್ತದೆ.

ಹಿರಿಯರು: ಆ ಮಾತನ್ನು ಒಪ್ಪಬೇಕು. ನಗಬಾರದು. ಆದರೆ ಸುಳ್ಳು ಸಮಾಧಾನವನ್ನೂ ಹೇಳಬಾರದು. ಬೇಡುವುದು ಏಕೆಂದರೆ, ಹೇಳಿಕೊಳ್ಳಲು ಒಬ್ಬನಿದ್ದಾನೆಂಬುದಕ್ಕೆ. ಒಣಗಿದ ಹೊಲವನ್ನು ಒಬ್ಬಂಟಿಯಾಗಿ ನೋಡಬಾರದೆಂಬುದಕ್ಕೆ. ಇಷ್ಟು ಎಂಟು ವರ್ಷದವಳಿಗೆ ಅರ್ಥವಾಗುತ್ತದೆ.

ತಂದೆ: ಆದರೆ ಅವಳು ಅಷ್ಟಕ್ಕೆ ನಿಲ್ಲಲಿಲ್ಲ. ಓಣಿಯ ಹುಡುಗರು ಗುರ್ಜಿ ಹೊತ್ತು ಬಂದಾಗ ತಮ್ಮನನ್ನೂ ಕಳಿಸಬೇಕೆಂದು ಹಠ ಹಿಡಿದಳು.

ಗುರ್ಜಿ ಎಂಬುದು ಮಳೆ ತಡವಾದಾಗ ಮಧ್ಯ ಮತ್ತು ಉತ್ತರ ಕರ್ನಾಟಕದ ಸೀಮೆಗಳಲ್ಲಿ ಮಕ್ಕಳೇ ಮುಂದಾಗಿ ನಡೆಸುವ ಆಚರಣೆ: ರೊಟ್ಟಿಯ ಹಂಚಿನ ಮೇಲೆ ಸಗಣಿಯ ಮೂರ್ತಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ, ಮನೆಯವರು ಅವನ ತಲೆಯ ಮೇಲೆ ನೀರು ಸುರಿದು ಕಾಳುಕಡಿ ಕೊಡುತ್ತಾರೆ. ಬಿರುಬಿಸಿಲಿನಲ್ಲಿ ನೆನೆಯುವ ಆನಂದ ಇರುವುದರಿಂದ ಇದರಿಂದ ದೂರ ಉಳಿಯುವುದು ಯಾವ ಮಗುವಿಗೂ ಕಷ್ಟ. ಕ್ರೈಸ್ತ ತಂದೆಗೆ ಇದು ಬರಿಯ ಆಟದ ಪ್ರಶ್ನೆಯಲ್ಲ, ಏಕೆಂದರೆ ಹತ್ತು ಆಜ್ಞೆಗಳಲ್ಲಿ ಮೊದಲಿನವೇ ಬೇರೆ ದೇವರುಗಳನ್ನೂ ಮೂರ್ತಿಗಳನ್ನೂ ಕುರಿತವು.

ಹಿರಿಯರು: ಕಳಿಸಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಗುರ್ಜಿ ಬಾಗಿಲಿಗೆ ಬಂದಾಗ ಕದ ಹಾಕಿಕೊಳ್ಳಲೂ ಬಾರದು. ಕಾಳು ಕೊಡಬೇಕು, ಬಿಸಿಲಲ್ಲಿ ಬಂದ ಮಕ್ಕಳಿಗೆ ಕುಡಿಯಲು ನೀರು ಕೊಡಬೇಕು. ಊರಿನ ಸಂಕಟದಲ್ಲಿ ಪಾಲು ಉಂಟು, ಪೂಜೆಯಲ್ಲಿ ಇಲ್ಲ.

ತಂದೆ: ದೊಡ್ಡವರಿಗೆ ಈ ಗೆರೆ ಸ್ಪಷ್ಟ. ಮಗುವಿಗೆ ಕಾಣುವುದೇ ಬೇರೆ: ಗೆಳೆಯರೆಲ್ಲ ಕುಣಿಯುತ್ತಿದ್ದಾರೆ, ತಾನು ಮಾತ್ರ ಹೊಸ್ತಿಲಲ್ಲಿ ನಿಂತು ಕೊಡುವವನಾಗಿದ್ದೇನೆ. ಇದರಿಂದ ಅದು ಕಲಿಯುವುದು ದೇವರು ಒಬ್ಬನೇ ಎಂಬುದನ್ನಲ್ಲ, ಉಳಿದವರಿಗಿಂತ ತಾನು ಮೇಲು ಎಂಬುದನ್ನು. ಇಲ್ಲವೇ ಉಳಿದವರಿಗೆ ತಾನು ಬೇಡ ಎಂಬುದನ್ನು. ಎರಡೂ ಕ್ರಿಸ್ತನ ಪಾಠವಲ್ಲ.

ಹಿರಿಯರು: ಬೇರೆಯಾಗಿರುವುದೆಲ್ಲ ಹೆಮ್ಮೆಯೆಂದು ಏಕೆ ತಿಳಿಯಬೇಕು? ಈ ಸೀಮೆಯಲ್ಲಿ ಲಿಂಗಧಾರಣೆಯಾದ ಮಗು ಇದೆ, ರೋಜಾ ಹಿಡಿಯಲು ಆಸೆಪಡುವ ಮಗು ಇದೆ. ಪ್ರತಿ ಮನೆಗೂ ತನ್ನದೊಂದು ವ್ರತವಿದೆ ಎಂದು ತಿಳಿದ ಮಗು ತನ್ನ ಮನೆಯದನ್ನೂ ತಲೆತಗ್ಗಿಸದೆ, ತಲೆಯೆತ್ತಿ ಮೆರೆಯದೆ ಪಾಲಿಸುತ್ತದೆ.

ತಂದೆ: ಆದರೆ ಆ ನೆರೆಯವರು ಹರಿಹರದ ಆರೋಗ್ಯಮಾತೆಯ ಗುಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಅಲ್ಲಿ ಸೇರುವ ಜನರಲ್ಲಿ ಕ್ರೈಸ್ತರಲ್ಲದವರು ಎಷ್ಟೊಂದು ಮಂದಿ! ಅವರಿಗೆ ಮಗು ಕೆಟ್ಟೀತೆಂಬ ಭಯವಿಲ್ಲ. ಭರತ ಹುಣ್ಣಿಮೆಯಲ್ಲಿ ಉಚ್ಚಂಗಿದುರ್ಗದ ಜಾತ್ರೆಗೋ ಕೊಡದಗುಡ್ಡದ ವೀರಭದ್ರೇಶ್ವರನ ತೇರಿಗೋ ಮಗುವಿನ ಕೈಹಿಡಿದು ಹೋಗಲು ನಮಗೇಕೆ ಭಯ?

ಹಿರಿಯರು: ಅವರ ಮನೆಯಲ್ಲಿ ದೇವರುಗಳಿಗೆ ಲೆಕ್ಕವಿಲ್ಲ, ಒಬ್ಬ ತಾಯಿ ಹೆಚ್ಚಾದರೆ ಮನೆ ತುಂಬುತ್ತದೆಯೇ ಹೊರತು ಒಡೆಯುವುದಿಲ್ಲ. ನಮ್ಮ ಮನೆ ನಿಂತಿರುವುದೇ ಒಬ್ಬನ ಮೇಲೆ. ಅವರ ಉದಾರತನಕ್ಕೆ ಕೈಮುಗಿಯಬೇಕು. ಅದನ್ನೇ ಅನುಕರಿಸಿದರೆ ನಮ್ಮದು ಉಳಿಯುವುದಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ತಿಂದವನಿಗೆ ಏನೂ ಆಗದಿದ್ದರೂ ಅವನನ್ನು ನೋಡಿ ಬಲಹೀನನೊಬ್ಬ ಎಡವಿದರೆ ಅದು ಕ್ರಿಸ್ತನಿಗೇ ಮಾಡಿದ ಅಪರಾಧ ಎಂದಿದ್ದಾನೆ. ಮನೆಯಲ್ಲಿ ಬಲಹೀನರೆಂದರೆ ಮಕ್ಕಳೇ.

ತಂದೆ: ಅದೇ ಅಧ್ಯಾಯದ ಆರಂಭದಲ್ಲಿ ತಿಳಿವಳಿಕೆ ಮನುಷ್ಯನನ್ನು ಉಬ್ಬಿಸುತ್ತದೆ, ಪ್ರೀತಿ ಅವನನ್ನು ಕಟ್ಟುತ್ತದೆ ಎಂಬ ಅರ್ಥದ ಮಾತೂ ಇದೆ, ಮಾವನವರೇ. ಗೆಳತಿ ಅಂಗೈಯಲ್ಲಿಟ್ಟುಕೊಂಡು ಬಂದ ಪ್ರಸಾದದ ಕೊಬ್ಬರಿಸಕ್ಕರೆಯನ್ನು ಬೇಡವೆಂದ ಮಗುವಿನ ಮುಂದೆ ಆ ಗೆಳತಿಯ ಮುಖ ಹೇಗಾಗುತ್ತದೆ ಎಂಬುದನ್ನು ಪೌಲನು ನೋಡಿದ್ದರೆ ಇನ್ನೂ ಒಂದು ಪ್ಯಾರಾ ಬರೆಯುತ್ತಿದ್ದ.

ಈ ಹಂತದಲ್ಲಿ ಉತ್ತಂಗಿ ಚನ್ನಪ್ಪನವರ ಹೆಸರು ಬರದೆ ಮಾತು ಮುಂದೆ ಹೋಗುವುದಿಲ್ಲ. ಹೂವಿನಹಡಗಲಿ ಸೀಮೆಯ ಉತ್ತಂಗಿಯ ಹೆಸರನ್ನು ಹೊತ್ತ ಇವರು 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ದುಡಿಯುತ್ತಲೇ ಹಳ್ಳಿಹಳ್ಳಿಗಳಿಂದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅನುಭವ ಮಂಟಪದ ಇತಿಹಾಸವನ್ನು ಕುರಿತ ಅವರ ಕೃತಿಯನ್ನು ಶರಣಸಾಹಿತ್ಯದ ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. ಕನ್ನಡ ಕ್ರೈಸ್ತರ ಮುಂದೆ ಇದಕ್ಕಿಂತ ಉಜ್ವಲವಾದ ಮಾದರಿ ಇಲ್ಲವೆಂದೇ ಹೇಳಬೇಕು, ಮತ್ತು ಇಬ್ಬರೂ ಅದನ್ನು ತಮ್ಮತಮ್ಮ ಕಡೆಗೆ ಎಳೆಯುತ್ತಾರೆ.

ತಂದೆ: ಉತ್ತಂಗಿಯವರು ಸರ್ವಜ್ಞನನ್ನು ಓದಿದ್ದರಿಂದ ಕ್ರಿಸ್ತನಿಂದ ದೂರವಾಗಲಿಲ್ಲ. ಈ ಮಕ್ಕಳು ಶಾಲೆಯಲ್ಲಿ ಬಸವಣ್ಣನ ವಚನ ಹೇಳುತ್ತಾರೆ, ಸಿರಿಗೆರೆಯ ಮಠದವರು ನಡೆಸುವ ತರಳಬಾಳು ಹುಣ್ಣಿಮೆಯ ಭಾಷಣಗಳನ್ನು ಕೇಳುತ್ತಾರೆ. ಮನೆಯಲ್ಲಿ ಸತ್ಯವೇದದ ಪಕ್ಕದಲ್ಲಿಯೇ ವಚನಗಳ ಪುಸ್ತಕವನ್ನೂ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಹಿರಿಯರು: ಇಡಿ; ಈ ಮುದುಕನ ಮನೆಯಲ್ಲಿಯೂ ಸರ್ವಜ್ಞನಿದ್ದಾನೆ. ಆದರೆ ಉತ್ತಂಗಿಯವರು ಅದನ್ನು ಹುಡುಕಿಕೊಂಡು ಹೋದದ್ದು ಬೆಳೆದ ಮೇಲೆ, ಸತ್ಯವೇದವನ್ನು ಅರಗಿಸಿಕೊಂಡ ಮೇಲೆ, ತಾನು ಯಾರ ಆಳು ಎಂಬುದರಲ್ಲಿ ಗೊಂದಲವಿಲ್ಲದ ಮೇಲೆ. ಯಾರಿಗೂ ಸೇರದವನು ಎಲ್ಲರನ್ನೂ ಪ್ರೀತಿಸುತ್ತೇನೆಂದರೆ ಆ ಪ್ರೀತಿಗೆ ಮನೆ ಇರುವುದಿಲ್ಲ.

ತಂದೆ: ಸೇರುವುದು ಅಷ್ಟು ಸರಳವಾಗಿದ್ದರೆ ಶಾಲೆಯ ದಾಖಲಾತಿ ಅರ್ಜಿ ತುಂಬಲು ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಅವನ ಮಾತಿನ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಹೀಗಾಗಿ ದಲಿತ ಹಿನ್ನೆಲೆಯ ಕ್ರೈಸ್ತ ಮನೆಯಲ್ಲಿ ಧರ್ಮದ ಕಾಲಮ್ಮಿನಲ್ಲಿ ಬರೆಯುವ ಒಂದು ಪದ ಮಗುವಿನ ವಿದ್ಯಾರ್ಥಿವೇತನದಿಂದ ನೌಕರಿಯವರೆಗೆ ಎಲ್ಲದರ ಮೇಲೂ ಪರಿಣಾಮ ಬೀರುತ್ತದೆ. ದೀಕ್ಷಾಸ್ನಾನದ ಹೆಸರು ಒಂದು, ದಾಖಲೆಯ ಹೆಸರು ಇನ್ನೊಂದು ಆಗಿರುವ ಮಕ್ಕಳಿದ್ದಾರೆ.

ಹಿರಿಯರು: ಆ ಕಾಲಮ್ಮಿನ ಅನ್ಯಾಯವನ್ನು ಸರಕಾರದ ಮುಂದೆ ಎತ್ತಬೇಕು, ಮಗುವಿನ ಮುಂದೆ ಅಲ್ಲ.

ತಂದೆ: ಮಗು ಓದಲು ಕಲಿತಿದೆ, ಮಾವನವರೇ. ತನ್ನ ಹೆಸರನ್ನು ಎರಡು ಕಡೆ ಎರಡು ಬಗೆಯಲ್ಲಿ ಬರೆದಿರುವುದನ್ನು ಅದು ಓದುತ್ತದೆ. ನಿಜ ಹೇಳಬೇಕೆಂದು ಕಲಿಸುವ ತಂದೆ ಅದಕ್ಕೆ ಏನನ್ನಾದರೂ ಹೇಳಲೇಬೇಕು.

ಹಿರಿಯರು ಈ ಒಂದಕ್ಕೆ ಪ್ರತಿವಾದ ಹೂಡುವುದಿಲ್ಲ. ಅವರ ತಲೆಮಾರು ಆ ಕಾಲಮ್ಮಿನ ಎದುರು ಸುಮ್ಮನಿದ್ದು ಬದುಕಿದೆ. ಆ ಮೌನದ ಬೆಲೆಯೇನೆಂಬುದು ಅವರಿಗೆ ತಿಳಿದಿದೆ. ಅವರು ಮಾತನ್ನು ತಮಗೆ ಹೆಚ್ಚು ನಿಶ್ಚಯವಿರುವ ವಿಷಯಕ್ಕೆ, ಶಿಕ್ಷೆ ಮತ್ತು ಭಯದ ವಿಷಯಕ್ಕೆ, ತಿರುಗಿಸುತ್ತಾರೆ.

ಹಿರಿಯರು: ಈಗಿನ ತಂದೆಯರು ನರಕದ ಹೆಸರೆತ್ತುವುದಿಲ್ಲ, ಬೆತ್ತ ಹಿಡಿಯುವುದಿಲ್ಲ. ಜ್ಞಾನೋಕ್ತಿಗಳ ಗ್ರಂಥ ಬೆತ್ತ ಹಿಡಿಯದವನು ಮಗನನ್ನು ಪ್ರೀತಿಸುವುದಿಲ್ಲವೆನ್ನುತ್ತದೆ.

ತಂದೆ: ಪೌಲನು ಎಫೆಸದವರಿಗೂ ಕೊಲೊಸ್ಸೆಯವರಿಗೂ ಬರೆಯುವಾಗ ತಂದೆಯರ ಕಡೆಗೇ ತಿರುಗಿ, ಮಕ್ಕಳನ್ನು ಕೆಣಕಬೇಡಿರಿ, ಅವರ ಮನಸ್ಸು ಕುಗ್ಗೀತು ಎಂಬ ಅರ್ಥದಲ್ಲಿ ಎಚ್ಚರಿಸಿದ್ದಾನೆ. ತಂದೆಯ ಅಧಿಕಾರಕ್ಕೆ ಎಲ್ಲೆಯೇ ಇಲ್ಲದಿದ್ದ ರೋಮನ್ನರ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಬೆತ್ತದಿಂದಲೂ ನರಕದಿಂದಲೂ ಬೆದರಿದ ಮಗು ಪ್ರಾರ್ಥಿಸಬಹುದು. ಆದರೆ ಬೆದರಿಕೆ ಮುಗಿದ ದಿನ ಪ್ರಾರ್ಥನೆಯೂ ಮುಗಿಯುತ್ತದೆ. ಇಂಗ್ಲೆಂಡಿನ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ, ತಂದೆ ಮತ್ತು ಮಗನನ್ನು ಕುರಿತ ಆತ್ಮಕಥೆಯಲ್ಲಿ ಅತಿ ಭಕ್ತನಾದ, ಮಗನನ್ನು ನಿಜವಾಗಿಯೂ ಪ್ರೀತಿಸಿದ ತಂದೆ ಇದ್ದಾನೆ. ಆ ಭಕ್ತಿಯ ಒತ್ತಡವನ್ನು ತಾಳಲಾರದೆ ಮಗ ಅದನ್ನು ಬಿಟ್ಟು ಹೊರಟುಹೋಗುತ್ತಾನೆ.

ಹಿರಿಯರು: ಬೆತ್ತವನ್ನು ಬಿಡೋಣ, ಮೇಷ್ಟರಾಗಿದ್ದಾಗ ಅದನ್ನು ಹಿಡಿದು ಯಾವ ಮಗುವೂ ಉದ್ಧಾರವಾದದ್ದನ್ನು ಈ ಕಣ್ಣು ಕಂಡಿಲ್ಲ. ಆದರೆ ನ್ಯಾಯತೀರ್ಪಿನ ಮಾತನ್ನು, ಎಂದರೆ ಪ್ರತಿಯೊಬ್ಬನೂ ದೇವರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕೆಂಬುದನ್ನು ಬಿಟ್ಟರೆ ಕೂಲಿಯವನಿಗೆ ದಿನದ ಕೂಲಿ ಕೊಡದೆ ಕಳಿಸಿದ ಜಮೀನ್ದಾರನ ಕಥೆಯನ್ನು ಮಗುವಿಗೆ ಹೇಗೆ ಹೇಳುತ್ತೀರಿ? ಪ್ರವಾದಿ ಆಮೋಸನು ಬಡವನನ್ನು ಒಂದು ಜೊತೆ ಕೆರಗಳಿಗೆ ಮಾರಿದವರ ಮೇಲೆ ಗುಡುಗಿದ್ದು ಭಯ ಹುಟ್ಟಿಸಲೆಂದೇ. ದೇವರಿಗೆ ಸಿಟ್ಟೇ ಬರುವುದಿಲ್ಲವೆಂದು ಕಲಿತ ಮಗು ನಾಳೆ ಅನ್ಯಾಯ ಕಂಡಾಗ ತಾನೂ ಸಿಟ್ಟಾಗುವುದಿಲ್ಲ.

ತಂದೆ: ಅನ್ಯಾಯ ಮಾಡಿದವನ ಮೇಲಿನ ಸಿಟ್ಟು ಬೇರೆ, ಜಾತ್ರೆಗೆ ಹೋಗಿಬಂದ ಗೆಳತಿ ಬೆಂಕಿಗೆ ಬೀಳುತ್ತಾಳೆಂಬ ಕಥೆ ಬೇರೆ. ಎರಡನೆಯದನ್ನು ಭಾನುವಾರದ ಶಾಲೆಯಲ್ಲಿ ಕೇಳಿ ಬಂದ ಮಗು ರಾತ್ರಿ ನಿದ್ದೆ ಮಾಡುವುದಿಲ್ಲ.

ಹಿರಿಯರು: ಅದನ್ನು ಹಾಗೆ ಹೇಳುವವರು ಸುವಾರ್ತೆಯನ್ನು ಅರ್ಧ ಓದಿದವರು. ಯಾರು ಎಲ್ಲಿಗೆ ಹೋಗುತ್ತಾರೆಂಬ ತೀರ್ಪು ದೇವರದು. ಆ ಗೆಳತಿಯ ವಿಷಯದಲ್ಲಿ ಉಪದೇಶಿ ಬಾಯಿ ಮುಚ್ಚಬೇಕು. ಆದರೆ ಈಗ ಒಂದು ಮಾತನ್ನು ನೇರವಾಗಿ ಕೇಳಬೇಕು. ಇಷ್ಟೆಲ್ಲ ವಾದದ ಹಿಂದೆ ಮಕ್ಕಳ ಕಾಳಜಿಯಿದೆಯೋ, ತಂದೆಯಾದವನ ಸ್ವಂತ ಅನುಮಾನವಿದೆಯೋ?

ತಂದೆ: ಎರಡೂ ಇವೆ. ಮಾರ್ಕನ ಸುವಾರ್ತೆಯಲ್ಲಿ ಮೂರ್ಛೆರೋಗದ ಮಗನನ್ನು ಯೇಸುವಿನ ಬಳಿಗೆ ತಂದ ತಂದೆಯೊಬ್ಬ ಇದ್ದಾನೆ. ನಂಬಿಕೆಯುಳ್ಳವನಿಗೆ ಎಲ್ಲವೂ ಸಾಧ್ಯವೆಂಬ ಮಾತು ಕೇಳಿ ಅವನು ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡು, ತನ್ನ ಅಪನಂಬಿಕೆಗೆ ಸಹಾಯ ಮಾಡಬೇಕೆಂದು ಕೂಗುತ್ತಾನೆ. ಸುವಾರ್ತೆಗಳಲ್ಲಿ ಎಷ್ಟೋ ಮಂದಿ ತಂದೆಯರಿದ್ದಾರೆ. ಮಗುವನ್ನು ಎದೆಗೊತ್ತಿಕೊಂಡವನಿಗೆ ಇವನಷ್ಟು ಹತ್ತಿರದವನು ಬೇರೆ ಇಲ್ಲ. ಮತ್ತು ಆ ಮಗ ವಾಸಿಯಾದ. ತಂದೆಯ ನಂಬಿಕೆ ಪೂರ್ತಿಯಾಗುವ ತನಕ ಯೇಸು ಕಾಯಲಿಲ್ಲ.

ಹಿರಿಯರು: ಒಳ್ಳೆಯ ಕಡೆ ಹಿಡಿದಿರಿ. ಆದರೆ ಅವನು ಕೂಗಿದ್ದು ಯೇಸುವಿನ ಕಡೆಗೆ, ಮಗನ ಕಡೆಗೆ ಅಲ್ಲ. ತಂದೆಯ ಅನುಮಾನದ ಹೊರೆಯನ್ನು ಐದು ವರ್ಷದವನ ತಲೆಗೆ ಏರಿಸುವುದನ್ನು ಪ್ರಾಮಾಣಿಕತೆ ಎನ್ನಲಾಗದು.

ತಂದೆ: ಆ ಭೇದವನ್ನು ಒಪ್ಪಬೇಕು. ಆದರೆ ಮಗ ಪಕ್ಕದಲ್ಲೇ ಇದ್ದ. ತಂದೆಯ ಕೂಗನ್ನು ಅವನಿಂದ ಮುಚ್ಚಿಡಲಿಲ್ಲ. ಕಲಿಸುವ ತಂದೆ ಎಲ್ಲವನ್ನೂ ತಿಳಿದವನ ಹಾಗೆ ನಟಿಸದಿದ್ದರೆ ಸಾಕು. ಮಗಳು ಈಗ ಸಂಜೆ ಸಂಜೆ ಸರದಿಯಂತೆ ತಾನೇ ಆದಿಕಾಂಡ ಓದುತ್ತಾಳೆ. ಓದಿದ ಮೇಲೆ ಅವಳು ಕೇಳಬಹುದು, ಉತ್ತರ ಗೊತ್ತಿದ್ದರೆ ಹೇಳುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ ಪ್ರಾರ್ಥನೆಗೆ ಮೊಣಕಾಲೂರುವುದು.

ಹಿರಿಯರು: ಹಾಗೆ ಮಾಡುವುದಾದರೆ ಒಂದು ಷರತ್ತು. ಪರಲೋಕದ ಪ್ರಾರ್ಥನೆ ಇಬ್ಬರಿಗೂ ಬಾಯಿಪಾಠವಾಗಬೇಕು, ಅರ್ಥವಾದರೂ ಆಗದಿದ್ದರೂ. ಸ್ವಂತ ಮಾತು ತೋಚದ ದಿನಗಳು ಪ್ರತಿಯೊಬ್ಬನ ಬದುಕಿನಲ್ಲಿ ಬರುತ್ತವೆ. ಅಂದು ನಾಲಿಗೆಯ ಮೇಲೆ ಏನಾದರೂ ಇರಬೇಕು.

ತಂದೆ: ಅದಾಗಲಿ. ಆದರೆ ಅದನ್ನು ಕ್ರಿಸ್ಮಸ್ ಕಾರ್ಯಕ್ರಮದ ವೇದಿಕೆಯ ಮೇಲೆ ಬಹುಮಾನಕ್ಕಾಗಿ ಒಪ್ಪಿಸುವುದು ಬೇಡ.

ಹಿರಿಯರು: ಬಹುಮಾನ ಬಿಟ್ಟರೆ ಹಳ್ಳಿಯ ಮಕ್ಕಳು ಕಲಿಯುವುದೇ ಇಲ್ಲ; ಆ ವಿಷಯವನ್ನು ಸಭಾಪಾಲಕರೊಡನೆ ಮಾತಾಡಿ. ಮಗಳು ಎಲ್ಲಿಯವರೆಗೆ ಓದಿದ್ದಾಳೆ?

ತಂದೆ: ಸೊದೋಮಿನ ನಾಶದ ತನಕ ಬಂದಿದೆ. ಇನ್ನು ಮೂರು ಅಧ್ಯಾಯವಾದರೆ ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಬೆಟ್ಟಕ್ಕೆ ಕರೆದೊಯ್ಯುವ ಕಥೆ.

ಹಿರಿಯರು: ಅದನ್ನು ದಾಟಿಸಿ ಮುಂದಕ್ಕೆ ಹೋಗಿ. ರೋಮಿನ ಸಭೆಯವರು 1910ರಲ್ಲಿ ಪರಮಪ್ರಸಾದಕ್ಕೆ ಸುಮಾರು ಏಳು ವರ್ಷದ ವಿವೇಕ ಸಾಕೆಂದರು. ಈ ಕಥೆಗೆ ಎಪ್ಪತ್ತು ವರ್ಷದ ವಿವೇಕವೂ ಸಾಲದು.

ತಂದೆ: ಅವಳು ಪುಟ ದಾಟಿಸಲು ಬಿಡುವವಳಲ್ಲ. ಅಪ್ಪನಿಗೂ ಹಾಗೆ ಅಪ್ಪಣೆಯಾದರೆ ಏನು ಮಾಡುತ್ತೀರಿ ಎಂದು ಕೇಳಿಯೇ ಕೇಳುತ್ತಾಳೆ.

ಹಿರಿಯರು: ಏನು ಹೇಳುತ್ತೀರಿ?

ತಂದೆ: ತಮ್ಮನನ್ನಾಗಲಿ ಅವಳನ್ನಾಗಲಿ ಯಾರ ಅಪ್ಪಣೆಗೂ ಕೊಡುವುದಿಲ್ಲವೆಂದು.

ಹಿರಿಯರು: ಹಾಗೆ ಹೇಳಿದರೆ ಅಬ್ರಹಾಮನು ವಿಶ್ವಾಸಿಗಳೆಲ್ಲರ ತಂದೆ ಎಂದು ಮರುದಿನ ಅವಳಿಗೆ ಹೇಗೆ ಕಲಿಸುತ್ತೀರಿ?

ತಂದೆ: ಅದು ಇನ್ನೂ ತೋಚಿಲ್ಲ. ಆ ಸಂಜೆ ಓದುವ ಹೊತ್ತಿಗೆ ನೀವೂ ಬಂದು ಕೂತರೆ ಒಳ್ಳೆಯದು.

ಹಿರಿಯರು: ಬರುವುದೇನೋ ಸರಿ, ಆದರೆ ಅಜ್ಜ ಉತ್ತರ ಹೇಳಲಿಕ್ಕೆ ಬರುತ್ತಾರೆಂದು ಮಗಳಿಗೆ ಮೊದಲೇ ಹೇಳಿಬಿಡಬೇಡಿ.